ಹಲ್ಲಿನ ಡಾಕ್ಟರ ಬಾಗಿಲಲ್ಲಿ ಉಪಕಾರ

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಒಬ್ಬ ಹೆಂಗಸು, ಕೆನ್ನೆ ಊದಿಸಿಕೊಂಡಿದ್ದ ಗಂಡನನ್ನು ತರಾಟೆಗೆ ತೆಗೆದುಕೊಂಡಿದ್ದರು. ಪಕ್ಕದ ಕುರ್ಚಿಯ ಹುಡುಗಿ ಪತ್ರಿಕೆಯನ್ನು ಮುಖಕ್ಕೆ ಮರೆಮಾಡಿಕೊಂಡು ಕೇಳಿಸಿಕೊಳ್ಳುತ್ತಿದ್ದಳು.

“ಮತ್ತೆ ನಿಮ್ಮ ಟೋಕನ್ ಕೊಟ್ಟುಬಿಟ್ರಾ?”

“ಪಾಪ, ಆ ಅಜ್ಜಿಗೆ ಕೂರೋಕೂ ಆಗ್ತಿರಲಿಲ್ಲ ಕಣೇ. ಅವರದ್ದು ನಾನು ತಗೊಂಡೆ.”

“ಅದಕ್ಕೆ ಮುಂಚೆ ಆ ಮೇಷ್ಟ್ರಿಗೆ?”

“ಅವರಿಗೆ ಕ್ಲಾಸಿತ್ತು.”

“ಹೋದ ವಾರ?”

“ಯಾರದೋ ಮಗು ಅಳ್ತಿತ್ತು.”

“ಮನೇಲಿ ನೀವು ಅಳ್ತೀರಲ್ಲ, ಅದು? ಬಸ್ಸಲ್ಲಿ ಒಬ್ಬರಿಗೂ ಸೀಟು ಬಿಡದ ಮನುಷ್ಯ! ಹಲ್ಲು ಕೀಳೋರ ಬಾಗಿಲಿಗೆ ಬಂದ್ರೆ ಮಾತ್ರ ಕರುಣೆ ಉಕ್ಕಿ ಹರಿಯುತ್ತೆ.”

“ಹೆದರಿಕೆ ಅಂದ್ಕೊಂಡ್ಯಾ? ಛೆ! ಗುರುತಿಲ್ಲದೋರಿಗೆ ಒಂದು ಉಪಕಾರ ಮಾಡಿದ್ರೆ ಮನಸ್ಸಿಗೆ ಎಷ್ಟು ಖುಷಿ ಆಗುತ್ತೆ, ನಿನಗೇನು ಗೊತ್ತು!”

ಅಷ್ಟರಲ್ಲಿ ನರ್ಸ್ ಬಂದು ಆ ಹುಡುಗಿಯ ನಂಬರು ಕೂಗಿದರು. ಹೊಸಬರೆದುರು ನಾಲಿಗೆಯೇ ಹೊರಳದ ಅವಳು ಅದು ಹೇಗೋ ಎದ್ದು ನಿಂತು ತನ್ನ ಟೋಕನ್ ಚಾಚಿದಳು.

“ಅಂಕಲ್, ನಂದು ಬರೀ ಕ್ಲೀನಿಂಗು. ನೀವೇ ಮೊದಲು ಹೋಗಿ.”

ಗಂಡನ ಮುಖ ಬಿಳಿಚಿಕೊಂಡಿತು. “ಅಯ್ಯೋ, ಬೇಡಮ್ಮ, ನಿನಗ್ಯಾಕೆ ತೊಂದರೆ...”

“ಸುಮ್ನೆ ಏಳ್ರೀ!” ಹೆಂಡತಿ ತೋಳು ಹಿಡಿದು ಎಬ್ಬಿಸಿದರು. “ಖುಷಿಯೆಲ್ಲ ನಿಮಗೊಬ್ಬರಿಗೇ ಬೇಕಾ? ಪಾಪ, ಆ ಹುಡುಗಿಗೂ ಸ್ವಲ್ಪ ಸಿಗಲಿ.”

ಬಾಗಿಲು ಮುಚ್ಚಿಕೊಳ್ಳುವ ಮುನ್ನ ಗಂಡ ಒಮ್ಮೆ ಹುಡುಗಿಯತ್ತ ತಿರುಗಿ ನೋಡಿದರು. ಆ ನೋಟದಲ್ಲಿ ಕೃತಜ್ಞತೆಯ ಸುಳಿವೂ ಇರಲಿಲ್ಲ. ಹುಡುಗಿಗೆ ಮಾತ್ರ ನಿಜವಾಗಿಯೂ ಖುಷಿಯಾಗಿತ್ತು.