ಎಂಟನೇ ಉಂಡೆ

ಎಪ್ಪತ್ತೊಂಬತ್ತರ ಬೇಸಿಗೆಯ ಒಂದು ಬೆಳಿಗ್ಗೆ ಶೆಟ್ಟಿಕೆರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಅಂಕಮ್ಮ, ಪಕ್ಕದಲ್ಲೇ ಎದ್ದ ಜಗಳ ಕೇಳುತ್ತಾ ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನೇ ಮರೆತಳು. ಕುರಿ ಸಾಕುವ ಕ್ಯಾತಣ್ಣ, ಬೇಟೆಯ ಸಣ್ಣೀರನಿಗೆ ಅಡ್ಡ ನಿಂತಿದ್ದ.

“ಗೋಮಾಳದಲ್ಲಿ ಹಂದಿಗೆ ಅಂತ ಸಿಡಿಮದ್ದಿನ ಉಂಡೆ ಇಟ್ಟಿದ್ಯಂತೆ. ನಮ್ಮ ಹಟ್ಟಿಗೆ ಒಂದು ಮಾತು ಹೇಳ್ಬಾರ್ದಿತ್ತೇನ್ಲಾ?”

“ಬೆಳಕು ಹರಿಯೋಕ್ಮುಂಚೆನೇ ಎತ್ಕಂಡೆ ಕಣ್ಲಾ.”

“ಎಷ್ಟಿಟ್ಟಿದ್ದೆ?”

“ಎಂಟು.”

“ಎತ್ತಿದ್ದು?”

ಸಣ್ಣೀರ ಬಸ್ಸು ಬರುವ ಕಡೆ ನೋಡಿದ. “ಏಳು. ಒಂದನ್ನ ನರಿ ಕಚ್ಕಂಡು ಹೋಗಿರ್ತದೆ ಬುಡು.”

“ನರಿ ಕಚ್ಚಿದ್ರೆ ಢಂ ಅಂತ ಊರಿಗೆಲ್ಲಾ ಕೇಳ್ತಿತ್ತು. ಕೇಳ್ತಾ?”

“ಇಲ್ಲ. ಸಂಜೆ ಬಂದು ಹುಡುಕ್ತೀನಿ.”

“ಈಗ ಅಲ್ಲಿ ನನ್ನ ಹೆಂಡ್ತಿ ಕುರಿ ಮೇಯಿಸ್ತಾವ್ಳೆ ಕಣ್ಲಾ! ನಿನ್ನ ಹಸೂನೂ ದಿನಾ ಅಲ್ಲೇ ಮೇಯೋದಲ್ವಾ?”

“ಅದನ್ನ ಇವತ್ತು ಮನೇಲೇ ಕಟ್ಟಾಕಿ ಬಂದೀನಿ.”

ಅಂಕಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಥೂ ಎಂದು ಉಗಿದಳು. ಅಷ್ಟರಲ್ಲಿ ಬಸ್ಸು ಬಂತು. ಸಣ್ಣೀರ ಮೆಟ್ಟಿಲಿಗೆ ಕಾಲಿಟ್ಟಿದ್ದೇ ತಡ, ಕ್ಯಾತಣ್ಣ ಅವನ ರಟ್ಟೆ ಹಿಡಿದು ಕೆಳಕ್ಕೆಳೆದ.

“ನಡೀಲಾ. ಆ ಎಂಟನೇದು ಸಿಗೋಗಂಟ ನನ್ನ ಕುರಿಗಳ ಮುಂದೆ ನೀನು ನಡೀಬೇಕು.”

ಸಣ್ಣೀರ ಮುಂದೆ, ಕ್ಯಾತಣ್ಣ ಹಿಂದೆ, ಇಬ್ಬರೂ ಗೋಮಾಳದ ಕಡೆ ಹೊರಟರು.