ಕಡಲಾಚೆಯ ಪೋಲೆಂಡ್

ಮಾಜಿವಾಡಾ ಬಸ್ ಸ್ಟಾಪಿನಲ್ಲಿ ನನ್ನ ಮುಂದೆ ಒಬ್ಬ ವೃದ್ಧರು ಸೊಸೆಯೊಂದಿಗೆ ನಿಂತಿದ್ದರು.

“ಐಶ್ವರ್ಯಾ, ಇವತ್ತ ಸ್ವಪ್ನಿಲ್‌ನ ಪುಸ್ತಕ ಬಿಡುಗಡಿ. ಅಂವಾ ಇದ್ದಿದ್ರ ತಾನೇ ಮಾತಾಡ್ತಿದ್ದ. ಈಗ ಅಂವನ ಕಾಲೇಜಿನವರು ನನಗ ಎರಡು ಮಾತಾಡ್ರಿ ಅಂದಾರ. ಏನ ಬರದಾನವಾ ಅದರಾಗ?”

“ಪೋಲೆಂಡಿನವರ ಬಗ್ಗೆ ರೀ, ಮಾವಾರ. ಹಿಂದಕ ಅವರ ದೇಶಾನ ಮೂರು ಮಂದಿ ಪರದೇಶದ ರಾಜರು ಹಂಚಿಕೊಂಡಿದ್ರು. ಆಗ ಕೆಲವರು ಸಮುದ್ರ ದಾಟಿ, ಬ್ರೆಜಿಲ್ ಕಾಡಿನಾಗ ಹೊಸಾ ಪೋಲೆಂಡ್ ಕಟ್ಟೋ ಕನಸು ಕಂಡ್ರು.”

“ಕಟ್ಟಿದ್ರೇನು?”

“ಊರು ಕಟ್ಟಿದ್ರು, ದೇಶ ಆಗ್ಲಿಲ್ಲ. ಜಡ್ಡು ಬಂದು ಭಾಳ ಮಂದಿ ಅಲ್ಲೇ ಮಣ್ಣಾದ್ರು.”

“ಮತ್ತ ಅವರ ದೇಶ?”

“ಆಮ್ಯಾಲೆ ಸ್ವತಂತ್ರ ಆತ್ರಿ. ಮೊದಲ ಎಲ್ಲಿತ್ತೋ ಅಲ್ಲೇ.”

ವೃದ್ಧರು ಬಸ್ಸು ಬಂತೇ ಎಂದು ರಸ್ತೆಯತ್ತ ಇಣುಕಿದರು.

“ಅಲ್ಲಿ ಸತ್ತವರಿಗೆ ಅದು ಗೊತ್ತಾಗಲೇ ಇಲ್ಲ.”

“ಇಲ್ರಿ.”

“ಪುಸ್ತಕ ಅಚ್ಚಾಗಿದ್ದು ನನ್ನ ಮಗಗೂ ಗೊತ್ತಾಗ್ಲಿಲ್ಲ.”

ಸೊಸೆ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. ಕಳವಾ ಕಡೆ ಹೋಗುವ ಬಸ್ಸು ಬಂದು ನಿಂತಿತು.

“ಬಸ್ಸಿನ್ಯಾಗ ಇನ್ನೊಮ್ಮೆ ಹೇಳವಾ. ಎಲ್ಲಾರ ಮುಂದ ನಾ ತಪ್ಪು ಹೇಳಬಾರದು.”

ಅವಳು ಅವರ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದಳು.