ಮಾವನವರ ಅಂಕಕ್ಕೆ ಮಗಳಿಗೆ ಸನ್ಮಾನ

ಅಧ್ಯಕ್ಷರೇ, ಶಾಲು ಹಾರ ಹಿಡಿದು ನಮಗಾಗಿ ಕಾಯುತ್ತಿರುವ ಗಣ್ಯರೇ, ಊಟದ ಘಮ ಬಂದರೂ ಎದ್ದುಹೋಗದ ಹುಣಸೂರಿನ ಸಭಿಕರೇ,

ನಾನು ಹನಗೋಡಿನ ಸೌಂದರ್ಯ. ನನ್ನ ಮಗಳು ಅನುಶ್ರೀಗೆ ಎಂಟು ವರ್ಷ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಬಲಗೈ ಸ್ವಾಧೀನದಲ್ಲಿಲ್ಲ. ವ್ಯಾಯಾಮಕ್ಕೆಂದು ಅವಳನ್ನು ಮಡಿಲಲ್ಲಿಟ್ಟುಕೊಂಡು ಮೈಸೂರಿನ ಬಸ್ಸಿನಲ್ಲಿ ಕೂತರೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ನಮಗೆ ಜಾಗ ಧಾರಾಳವಾಗಿ ಸಿಗುತ್ತಿತ್ತು. ಅವರಿಗೂ ಧನ್ಯವಾದ.

ಆಗ ಇಂದು ಈ ಸಭೆ ನಡೆಸುತ್ತಿರುವ ಸಂಸ್ಥೆಯವರೇ ಮನೆಗೆ ವ್ಯಾಯಾಮದ ಯಂತ್ರ ತಂದುಕೊಟ್ಟರು. ಅದರ ಹಿಡಿಯ ಮೇಲೆ ಮಗು ಕೈಯಿಟ್ಟರೆ ಯಂತ್ರವೇ ಮೆಲ್ಲಗೆ ಕೈಯನ್ನು ನಡೆಸುತ್ತದೆ. ಪರದೆಯ ಮೇಲೆ ಉದುರುವ ಮಾವಿನಹಣ್ಣು ಬುಟ್ಟಿಗೆ ಬೀಳುತ್ತದೆ. ಅಂಕಗಳು ತಾವಾಗಿಯೇ ಮೈಸೂರಿನ ಕಚೇರಿಗೆ ಹೋಗುತ್ತವೆ.

ನಮ್ಮ ಮಾವ ಸಿದ್ದಯ್ಯನವರು ಮೂಗು ಮುರಿದರು. "ಆಟ ಆಡುದ್ರೆ ಕೈ ಬಂದ್ಬುಡ್ತದಾ? ಸುಮ್ಕಿರವ್ವ." ಮೊಮ್ಮಗಳನ್ನು ಅವರು ಒಂದು ದಿನವೂ ಎತ್ತಿಕೊಂಡವರಲ್ಲ. ಒಂದು ಮಧ್ಯಾಹ್ನ ಮಗು ಮಲಗಿರುವಾಗ ಯಂತ್ರದ ಸದ್ದು ಕೇಳಿ ಹೋಗಿ ನೋಡುತ್ತೇನೆ, ಮಾವ ಹಣ್ಣು ಹಿಡಿಯುತ್ತಿದ್ದಾರೆ! "ಯಾರ್ಗೂ ಯೋಳ್ಬ್ಯಾಡ ಕಣವ್ವ" ಅಂದರು. ಅಷ್ಟರಲ್ಲಿ ಮಗಳು ಎದ್ದು, "ಏಳು ತಾತ, ನಂದು ಕಣೋ ಅದು!" ಎಂದು ಕೂಗಿದಳು. ಅಂದಿನಿಂದ ತಾತ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸರದಿಯಲ್ಲಿ ಆಡುತ್ತಾರೆ.

ಕಚೇರಿಯಲ್ಲಿ ಗ್ರಾಫ್ ಆಕಾಶಕ್ಕೇರಿತು. ಮಗು ಗುಣವಾಯಿತೆಂದರು, ಸನ್ಮಾನವೆಂದರು, ಯಂತ್ರ ವಾಪಸ್ಸೆಂದರು. "ಸಾರ್, ಅದು ನಮ್ಮ ಮಾವನ ಕೈ" ಎಂದು ಫೋನಿನಲ್ಲಿ ಬೇಡಿಕೊಂಡೆ. "ಯಂತ್ರ ಸುಳ್ಳು ಹೇಳಲ್ಲಮ್ಮ, ತಾಯಂದಿರು ಹೇಳ್ತಾರೆ" ಎಂಬ ಉತ್ತರ ಬಂತು. ಮಗುವನ್ನು ಯಾರಾದರೂ ಒಮ್ಮೆ ಬಂದು ನೋಡಿದಿರಾ? ಯಾಕೆ ನೋಡಬೇಕು, ಗ್ರಾಫ್ ಇದೆಯಲ್ಲ!

ಆದ್ದರಿಂದ ಅಧ್ಯಕ್ಷರೇ, ಶಾಲನ್ನು ಮಾವನವರಿಗೆ ಹೊದಿಸಿ. ಮೊದಲ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾರೆ. ಯಂತ್ರ ಇಲ್ಲೇ ವೇದಿಕೆಯ ಮೇಲಿದೆ, ಅದರ ಹಿಡಿ ಅನುಶ್ರೀಯ ಬಲಗೈಯಲ್ಲಿದೆ. ಹಿಡಿಯುವುದನ್ನು ಅವಳು ನಿಜವಾಗಿಯೂ ಕಲಿತಿದ್ದಾಳೆ. ಬೆರಳು ಬಿಡಿಸುವುದನ್ನು ಇನ್ನೂ ಕಲಿಯಬೇಕು. ಗುಣವಾಗಿದ್ದಾಳೆ ಎನ್ನುವವರು ಮುಂದೆ ಬಂದು, "ಬಿಡು ಮಗಳೇ" ಎಂದು ಹೇಳಿ ನೋಡಿ. ಬಿಟ್ಟರೆ ಯಂತ್ರ ನಿಮ್ಮದು.

ಯಾರೂ ಏಳುತ್ತಿಲ್ಲ. ಯಂತ್ರವನ್ನು ನಮ್ಮ ಆಟೋಗೆ ಏರಿಸಿಕೊಡಲು ಹೀಗೆ ಒಕ್ಕೊರಲಿನಿಂದ ಒಪ್ಪಿದ ತಮ್ಮೆಲ್ಲರಿಗೂ ಕೃತಜ್ಞತೆಗಳು. ನಮಸ್ಕಾರ.